ಮೆಟಿಲ್ಡಳ ಬಲಗಾಲು

ಕೇರಳದ ಚೇರ್ತಲದ ಕಡಲಂಚಿನಲ್ಲಿ ತೆಂಗಿನ ನಾರಿನ ರಾಟೆ ತಿರುವುವ ಮೆಟಿಲ್ಡಳಿಗೆ ಬಲಗಾಲು ಆನೆಕಾಲಾಗಿ ಮೂವತ್ತು ವರ್ಷ. ಕಾಲು ದಪ್ಪವಾದದ್ದಕ್ಕಿಂತ ಅವಳನ್ನು ಹೈರಾಣು ಮಾಡಿದ್ದು ಜ್ವರ. ವರ್ಷಕ್ಕೆ ನಾಲ್ಕೈದು ಸಲ ಚಳಿ ಹತ್ತಿ, ಕಾಲು ಕೆಂಡವಾಗಿ, ವಾರಗಟ್ಟಲೆ ಹಾಸಿಗೆ ಹಿಡಿಸುತ್ತಿತ್ತು. ಪ್ರತಿ ಜ್ವರಕ್ಕೂ ಕಾಲು ಇನ್ನಷ್ಟು ಊದುತ್ತಿತ್ತು. ನೀರು ಸೋಕಿದರೆ ಜ್ವರ ಬರುತ್ತದೆಂದು ಕೇರಿಯ ಪಂಡಿತರೆಲ್ಲ ಹೇಳಿದ್ದರಿಂದ ಅವಳು ಆ ಕಾಲನ್ನು ತೊಳೆಯದೆ, ಹಳೆ ಬಟ್ಟೆ ಸುತ್ತಿ ಜೋಪಾನ ಮಾಡಿದ್ದಳು. ಸುತ್ತಿಟ್ಟದ್ದು ನಾರದೆ ಇರುತ್ತದೆಯೇ? ಐದು ವರ್ಷದ ಹಿಂದೆ ಇಗರ್ಜಿಯಲ್ಲಿ ಪಕ್ಕ ಕೂತವಳೊಬ್ಬಳು ಸೆರಗಿನಿಂದ ಮೂಗು ಮುಚ್ಚಿ ಆಚೆ ಸರಿದಳು. ಅಂದಿನಿಂದ ಮೆಟಿಲ್ಡ ಒಳಗೆ ಹೋಗಿಲ್ಲ. ಭಾನುವಾರದ ಬಲಿಪೂಜೆಯನ್ನು ಪಕ್ಕದ ಬಾಗಿಲಾಚೆ ಮರಳಲ್ಲಿ ನಿಂತೇ ಕೇಳುತ್ತಿದ್ದಳು.

ಪಂಚಾಯಿತಿಯ ನರ್ಸ್ ಲತಿಕ ಮೊದಲ ಸಲ ಮನೆಗೆ ಬಂದದ್ದು ಓಣಂ ಕಳೆದ ಮೇಲೆ. ಮೆಟಿಲ್ಡಳ ಗಂಡ ಪೀಯೂಸ್ ನೆಟ್ಟಗೆ ಅವಳ ಚೀಲಕ್ಕೇ ಇಣುಕಿದ. ಸೂಜಿಯಿಲ್ಲ, ಮಾತ್ರೆಯಿಲ್ಲ, ಒಂದು ಸೋಪು, ನಾಲ್ಕು ಹತ್ತಿಬಟ್ಟೆ. ಕಡಲಲ್ಲಿ ಮೀನಿಗೆ ಬರ ಬಂದರೂ ಪೀಯೂಸನ ಬಾಯಿಗೆ ಬರವಿಲ್ಲ.

"ಮದ್ದಿಲ್ಲದ ನರ್ಸು, ಬಲೆ ಇಲ್ಲದ ದೋಣಿ. ಸೋಪು ನಮ್ಮಂಗಡೀಲೂ ಸಿಗುತ್ತಮ್ಮ," ಅಂದ.

"ಸಿಗುತ್ತೆ ಚೇಟ್ಟಾ. ಮೂವತ್ತು ವರ್ಷದಲ್ಲಿ ಈ ಕಾಲಿಗೆ ಅಂತ ಎಷ್ಟು ತಂದ್ರಿ?"

ಪೀಯೂಸ್ ಬಲೆ ಸರಿಮಾಡುವ ನೆಪದಲ್ಲಿ ಜಾಗ ಖಾಲಿ ಮಾಡಿದ.

ಲತಿಕ ನೆಲಕ್ಕೆ ಕೂತು, ಬಟ್ಟೆ ಬಿಚ್ಚಿ, ಕಾಲನ್ನು ತನ್ನ ಮಡಿಲಿಗೇ ಎಳೆದುಕೊಂಡಳು. ಮೆಟಿಲ್ಡ ಹಿಂದಕ್ಕೆ ಸೆಳೆದರೂ ಬಿಡಲಿಲ್ಲ. ಜ್ವರ ನೀರಿನಿಂದ ಬರುವುದಲ್ಲ, ಬೆರಳಸಂದಿಯ ಹುಣ್ಣಿಗೆ ಕೊಳೆ ಸೇರಿ ಬರುವುದು ಎಂದಳು. ಜ್ವರ ಬಂದರೆ ಆಸ್ಪತ್ರೆಗೆ ಬರಲೇಬೇಕು, ಆಗ ಮಾತ್ರೆ ಬೇಕು. ಆದರೆ ಬಾರದಂತೆ ಕಾಯುವುದು ಈ ಎರಡು ಕೈಯ ಕೆಲಸ ಎಂದಳು. ನೊರೆ ಹಚ್ಚಿ ತೊಳೆದು, ಉಜ್ಜದೆ, ಒಂದೊಂದೇ ಸಂದಿಯನ್ನು ಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸಿದಳು.

"ತೊಳೆಯೋದು ಅರ್ಧ ಕೆಲಸ ಚೇಚಿ. ಒರೆಸೋದು ಇನ್ನರ್ಧ."

ಮೆಟಿಲ್ಡ ಗಳಗಳ ಅತ್ತಳು. ನೋವಾಯಿತೇ ಎಂದು ಲತಿಕ ಕೇಳಿದಾಗ, ಇಲ್ಲ ಮಗಳೇ, ಆ ಕಾಲಿಗೆ ಇನ್ನೊಬ್ಬರ ಕೈ ಸೋಕಿ ಎಷ್ಟು ಕಾಲವಾಯಿತೋ ಎಂದಳು.

ಅಂದಿನಿಂದ ಲತಿಕ ಪ್ರತಿ ಮಂಗಳವಾರ, ಮೆಟಿಲ್ಡ ದಿನಕ್ಕೆರಡು ಸಲ. ಮಲಗಿದಾಗ ಕಾಲು ಎತ್ತರದಲ್ಲಿರಲೆಂದು ಮಂಚದ ಕಾಲ್ದೆಸೆಗೆ ಎರಡೆರಡು ಇಟ್ಟಿಗೆ ಬಿದ್ದವು. ರಾಟೆಯ ಮುಂದೆ ನಿಂತಾಗ ಹಿಮ್ಮಡಿ ಎತ್ತಿ ಇಳಿಸುವ ಪಾಠವೂ ಆಯಿತು. ಕ್ರಿಸ್ಮಸ್ ಹೊತ್ತಿಗೆ ಪೀಯೂಸ್ ತಾನೇ ನೀರು ಸೇದಿ ತಂದ. ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಶುರುವಾಗುವಷ್ಟರಲ್ಲಿ, ಮೀನಿನ ಕಿವಿರು ಬಿಡಿಸಿ ನೋಡುವಂತೆ, ಹೆಂಡತಿಯ ಕಾಲ್ಬೆರಳು ಬಿಡಿಸಿ ಪರೀಕ್ಷಿಸಲೂ ಕೂತ. ಕಾಲೇನೂ ಸಣ್ಣಗಾಗಲಿಲ್ಲ. ಆದರೆ ವಾಸನೆ ಹೋಯಿತು, ಆರು ತಿಂಗಳು ಜ್ವರ ಇತ್ತ ತಲೆ ಹಾಕಲಿಲ್ಲ. ರಾತ್ರಿ ಜಪಮಾಲೆ ಮುಗಿಸುವಾಗ ಮೆಟಿಲ್ಡ ಲತಿಕಳ ಹೆಸರಿಗೊಂದು ಪ್ರಾರ್ಥನೆ ಸೇರಿಸುತ್ತಿದ್ದಳು.

ಹೀಗಿರುವಾಗ ಪೆಸಹಾ ಗುರುವಾರ ಬಂತು. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಅಂದು ಪಾದ್ರಿ ಹನ್ನೆರಡು ಜನರ ಕಾಲು ತೊಳೆದು ಮುತ್ತಿಡುವುದು ರೂಢಿ. ಈ ಸಲ ಹೆಂಗಸರೂ ಬರಲಿ ಎಂದರು ಹೊಸ ಪಾದ್ರಿ. ಪೀಯೂಸ್, ಪುಣ್ಯಾತ್ಮ, ಕೇಳದೆ ಕೆದಕದೆ ಹೆಂಡತಿಯ ಹೆಸರು ಕೊಟ್ಟು ಬಂದ.

"ನನ್ನ ಕಾಲೇನು ಜಾತ್ರೆ ಆನೇನಾ, ಊರೋರಿಗೆಲ್ಲ ತೋರಿಸೋಕೆ?" ಎಂದವಳು ಮೂರು ದಿನ ಅವನ ಜೊತೆ ಮಾತು ಬಿಟ್ಟಳು. ಮತ್ತೆ ಯಾರಾದರೂ ಮೂಗು ಮುಚ್ಚಿದರೆ ಬಾಗಿಲಾಚೆಯ ಆ ಮರಳೂ ತನಗೆ ದಕ್ಕದು ಎಂಬ ಭಯ. ಮಂಗಳವಾರ ಲತಿಕಳ ಮುಂದೆ ತೋಡಿಕೊಂಡಳು. ಹೋಗು, ಬೇಡ, ಎರಡನ್ನೂ ಲತಿಕ ಹೇಳಲಿಲ್ಲ.

"ಕಾಲು ಚೊಕ್ಕಟವಾಗಿದೆ ಚೇಚಿ. ಅಷ್ಟು ನಾನು ಬಲ್ಲೆ," ಅಂದಳು.

ಗುರುವಾರ ಮೆಟಿಲ್ಡ ಹನ್ನೊಂದನೆಯವಳಾಗಿ ಕೂತಳು. ಸೀರೆಯಂಚು ಎತ್ತಿ ಬಲಗಾಲು ಮುಂದೆ ಚಾಚಿದಾಗ ಇಡೀ ಇಗರ್ಜಿಯ ಕಣ್ಣು ಅದರ ಮೇಲೆ ಬಿತ್ತು. ಪಾದ್ರಿ ಹಿಂಜರಿಯಲಿಲ್ಲ, ಆ ಮಾತು ಹೇಳಲೇಬೇಕು. ಆದರೆ ಹತ್ತು ಕಾಲು ತೊಳೆದ ಅವಸರ. ನೀರು ಸುರಿದು, ಮೇಲೊಮ್ಮೆ ಟವೆಲು ಸವರಿ, ಮುತ್ತಿಡಲು ಬಾಗಿದರು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಆರು ತಿಂಗಳ ಅಭ್ಯಾಸ ಕೇಳಬೇಕಲ್ಲ!

"ಫಾದರೇ, ಬೆರಳಸಂದಿ ಒದ್ದೆ ಉಳೀತು. ಹಾಗೇ ಬಿಟ್ರೆ ನನಗೆ ಜ್ವರ ಬರುತ್ತೆ."

ಗಂಡಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಾದ್ರಿಯ ಮುಖ ಕೆಂಪಾಯಿತು. ಮತ್ತೆ ಮಂಡಿಯೂರಿ, ಹೇಗೆಂದು ತೋರಿಸಿ ಅಮ್ಮಚ್ಚಿ ಎಂದರು. ಅವಳು ಹೇಳಿಕೊಟ್ಟಂತೆ ಒಂದೊಂದೇ ಸಂದಿ ಬಿಡಿಸಿ, ಒತ್ತಿ ಒರೆಸಿ, ಆಮೇಲೆ ಮುತ್ತಿಟ್ಟರು. ಹನ್ನೆರಡನೆಯವನಾದ ಮುದುಕ ತನ್ನ ಸರದಿಗೆ ಮೊದಲೇ ಬೆರಳು ಅಗಲಿಸಿಕೊಂಡು ಕೂತ. ಯಾರೂ ಮೂಗು ಮುಚ್ಚಲಿಲ್ಲ. ದೇವರೇ, ನಿನ್ನ ಉಪಕಾರ ದೊಡ್ಡದು ಎಂದುಕೊಂಡು ಮೆಟಿಲ್ಡ ಕಣ್ಣೊರೆಸಿಕೊಂಡಳು.

ಹೊರಗೆ ಎಂಗ್ರೇಷ್ಯ ಕಾಯುತ್ತಿದ್ದಳು. ಇಪ್ಪತ್ತು ವರ್ಷದಿಂದ ಪಕ್ಕದ ರಾಟೆಯಲ್ಲಿ ಹುರಿ ಹೊಸೆಯುವವಳು. ಆ ನರ್ಸು ಯಾವತ್ತು ಬರುತ್ತಾಳೆ, ಗೊತ್ತಿರುವವರೊಬ್ಬರಿಗೆ ಬೇಕಾಗಿತ್ತು ಎಂದಳು, ಮುಖ ನೋಡದೆ. ಆಮೇಲೆ ಅತ್ತಿತ್ತ ನೋಡಿ ಸೀರೆಯಂಚನ್ನು ನಾಲ್ಕು ಬೆರಳಷ್ಟು ಎತ್ತಿದಳು. ಎಡಗಾಲಿಗೆ ಹಳೆ ಬಟ್ಟೆ ಸುತ್ತಿತ್ತು.

ಇಪ್ಪತ್ತು ವರ್ಷ, ಪಕ್ಕದಲ್ಲೇ! ಮೆಟಿಲ್ಡ ಅವಳ ಕೈ ಹಿಡಿದುಕೊಂಡಳು.

"ಅವಳು ಬರೋದು ಮಂಗಳವಾರ ಕಣೇ. ಅಲ್ಲೀತನಕ ಯಾಕೆ ಕಾಯ್ತೀ? ನಾಳೆ ಬೆಳಿಗ್ಗೆ ಮನೆಗೆ ಬಾ. ನಾನೇ ತೊಳೀತೀನಿ."