ಕೂಸಿಗೆಂದು ಇಟ್ಟ ಆರು ಗುಳಿಗೆ

ನಾನು ಅಜಿಥ್ರೊಮೈಸಿನ್ ಗುಳಿಗೆ. ಹುಟ್ಟಿದ್ದು ಕಾರ್ಖಾನೆಯಲ್ಲಿ. ಯಂತ್ರವೊಂದು ನನ್ನನ್ನು ಪುಡಿಯಿಂದ ಒತ್ತಿ ತೆಗೆದು, ಐವರು ಒಡಹುಟ್ಟಿದವರ ಜೊತೆ ಬೆಳ್ಳಿಹಾಳೆಯ ಪಟ್ಟಿಯಲ್ಲಿ ಕೂಡಿಸಿತು. ಗಂಟಲು, ಕಿವಿ, ಎದೆಯ ಸೋಂಕಿಗೆ ನಾನು ಬೇಕು. ನೆಗಡಿಗೆ ನನ್ನಿಂದ ಏನೂ ಆಗದು, ಆದರೂ ಜನ ಅದಕ್ಕೂ ನನ್ನನ್ನೇ ಕೇಳುತ್ತಾರೆ. ಅದೂ ಒಂದು ಜಂಬ ನನಗೆ.

ಗುಳೇದಗುಡ್ಡದ ನೇಕಾರ ಓಣಿಯ ನಿಂಬೆವ್ವನ ಮನೆಗೆ ನಾನು ಬಂದದ್ದು ನಾಯಿಕೆಮ್ಮಿನ ದೆಸೆಯಿಂದ. ಮೊಮ್ಮಗಳು ಪಲ್ಲವಿ ಕೆಮ್ಮಿ ಕೆಮ್ಮಿ ಉಸಿರಿಗೆ ಒದ್ದಾಡುತ್ತಿದ್ದಳು. ಅವಳ ತಾಯಿ ಕಸ್ತೂರಿ ಎರಡನೆಯ ಹೆರಿಗೆಗೆಂದು ತವರಿಗೆ ಬಂದಿದ್ದಳು, ದಿನ ತುಂಬಿತ್ತು. ಡಾಕ್ಟರಮ್ಮ ಮನೆಮಂದಿಗೆಲ್ಲ ಒಂದೊಂದು ಪಟ್ಟಿ ಗುಳಿಗೆ ಕೊಟ್ಟರು.

"ಕೆಮ್ಮು ಇಲ್ಲದವ್ರೂ ನುಂಗಬೇಕ್ರಿ, ಮೊದಲ ದಿನ ಎರಡು, ಆಮ್ಯಾಲ ನಾಕು ದಿನ ಒಂದೊಂದು. ಹುಟ್ಟೋ ಕೂಸಿಗೆ ಹತ್ತಿದ್ರ ಅದು ತಾಳೂದಿಲ್ಲ."

ಎಲ್ಲರೂ ನುಂಗಿದರು, ನಿಂಬೆವ್ವನೊಬ್ಬಳನ್ನು ಬಿಟ್ಟು.

"ನನಗೇನ್ ಧಾಡಿ ಆಗೇತಿ? ಇರ್ಲಿ, ನಾಳೆ ಕೂಸಿಗೇನರ ಆದ್ರ ಬೇಕಾಗ್ತಾವು" ಎಂದುಕೊಂಡು ನಮ್ಮನ್ನು ಎಲೆಅಡಿಕೆ ಡಬ್ಬಿಗೆ ಸೇರಿಸಿದಳು. ಹೋಳಿಗೆಯಾಗಲಿ ಹೊಸ ಸೀರೆಯಾಗಲಿ, ತನ್ನ ಪಾಲನ್ನು ಇನ್ನೊಬ್ಬರಿಗೆ ತೆಗೆದಿಟ್ಟೇ ಮುದುಕಿಯಾದವಳು ಅವಳು. ಮುಂದೆ ಒಂದು ಕೂಸನ್ನು ಉಳಿಸುವವನು ನಾನೇ ಎಂದು ಬೀಗಿದೆ. ಥೂ, ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ!

ಹೆಣ್ಣುಕೂಸು ಹುಟ್ಟಿತು. ನಿಂಬೆವ್ವ ದಿನಾ ಬಚ್ಚಲಲ್ಲಿ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದಳು. ಎರೆಯುತ್ತಲೇ ಅದರ ಮುಖದ ಮೇಲೆ ಬಾಗಿ ಕೆಮ್ಮುತ್ತಿದ್ದಳು.

"ಯವ್ವಾ, ನೀ ಗುಳಿಗಿ ನುಂಗೀದಿಲ್ಲ?" ಕಸ್ತೂರಿ ಕೇಳಿದಳು.

"ನುಂಗೇನಿ ತಗೋ. ಇದು ಒಲಿ ಹೊಗಿ."

ಸುಳ್ಳು ಎಂದು ಡಬ್ಬಿಯೊಳಗಿಂದ ಕೂಗಬೇಕೆನಿಸಿತು. ಗುಳಿಗೆಗೆ ಬಾಯಿ ಎಲ್ಲಿಂದ ಬರಬೇಕು?

ಇಪ್ಪತ್ತನೆಯ ದಿನ ಕೂಸು ಉಸಿರು ಕಟ್ಟಿ ನೀಲಿಯಾಯಿತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ನಿಂಬೆವ್ವ ನಮ್ಮನ್ನು ಡಾಕ್ಟರಮ್ಮನ ಮುಂದೆ ಹಿಡಿದಳು.

"ಕೂಸಿಗಂತ ಇಟ್ಟೀನ್ರಿ. ಎಲ್ಲಾ ಆಕಿಗೇ ಕೊಡ್ರಿ."

ಡಾಕ್ಟರಮ್ಮ ಪಟ್ಟಿಯನ್ನು ತಿರುಗಿಸಿ ನೋಡಿದರು. ಒಂದೂ ಒಡೆದಿರಲಿಲ್ಲ.

"ಅಜ್ಜಿ, ಇವು ನಿಮಗ ಕೊಟ್ಟಿದ್ವಲ್ಲ."

ಬೈಯಲಿಲ್ಲ, ಅಷ್ಟೇ ಅಂದರು. ಕೂಸಿಗೆ ಅದರ ತೂಕಕ್ಕೆ ತಕ್ಕ ಔಷಧಿ ಕೊಟ್ಟರು, ಆದರೆ ಹೊತ್ತು ಮೀರಿತ್ತು. ಮೂರನೆಯ ದಿನ ಕೂಸು ತೀರಿಹೋಯಿತು. ಇನ್ನೂ ಹೆಸರಿಟ್ಟಿರಲಿಲ್ಲ.

ಕಸ್ತೂರಿ ಪಲ್ಲವಿಯನ್ನು ಕರೆದುಕೊಂಡು ಗಂಡನ ಮನೆಗೆ ಹೊರಟುಹೋದಳು.

ನಾನು ಈಗಲೂ ಅದೇ ಡಬ್ಬಿಯಲ್ಲಿದ್ದೇನೆ. ಬೆನ್ನ ಮೇಲಿನ ತಾರೀಖು ದಾಟಿ ವರ್ಷವಾಯಿತು, ಇನ್ನು ಯಾರಿಗೂ ಬೇಡದವನು. ನಿಂಬೆವ್ವ ಎಲೆಗೆಂದು ಡಬ್ಬಿ ತೆರೆಯುತ್ತಾಳೆ, ನಮ್ಮನ್ನು ನೋಡಿ ಎಲೆ ಹಾಕದೆಯೇ ಮುಚ್ಚುತ್ತಾಳೆ. ಡಬ್ಬಿಯ ಪಕ್ಕದಲ್ಲೇ ಅವಳ ನೀರಿನ ತಂಬಿಗೆ ಇರುತ್ತದೆ. ಆಗಲೂ ಅಲ್ಲೇ ಇತ್ತು. ಐದು ದಿನ, ದಿನಕ್ಕೊಂದು ಗುಟುಕು ನೀರು ಸಾಕಾಗಿತ್ತು.