ಅಕ್ಕನ ಡಬ್ಬಿಯ ಹಿಂದೆ

ಗುಬ್ಬಿ ಎನ್ನುವುದು ಚಿಕ್ಕಂದಿನಲ್ಲಿ ಅಕ್ಕ ಇಟ್ಟ ಹೆಸರು. ಈಗ ಅವಳಿಗೆ ಐವತ್ತರ ಹತ್ತಿರ, ಮೆಟ್ಟಿಲು ಹತ್ತಿದರೆ ಏದುಸಿರು. ಗುಬ್ಬಿಯದು ಅಂತ ಉಳಿದಿರುವುದು ಹೆಸರೊಂದೇ. ಆ ಹೆಸರು ಹಿಡಿದು ಕರೆಯುವವಳೂ ಮಾತು ಬಿಟ್ಟು ಎರಡು ವರ್ಷವಾಯಿತು. ಎಲ್ಲೋ ದೂರ ಹೋಗಿದ್ದಾಳೆ ಅಂದುಕೊಳ್ಳಬೇಡಿ, ಅಕ್ಕ ಇರುವುದು ಅದೇ ಮನೆಯ ಕೆಳಗಿನ ಅಂತಸ್ತಿನಲ್ಲಿ.

ಗುಬ್ಬಿ ಒಂದು ಬಸ್ ಕಂಪನಿಯ ಕಳೆದುಹೋದ ಸಾಮಾನಿನ ವಿಭಾಗದವಳು. ಬಸ್ಸಿನಲ್ಲಿ ಕೊಡೆಯನ್ನೋ ಕನ್ನಡಕವನ್ನೋ, ಒಮ್ಮೆ ಯಾರೋ ಪುಣ್ಯಾತ್ಮರು ಹಲ್ಲಿನ ಸೆಟ್ಟನ್ನೋ ಬಿಟ್ಟು ಇಳಿದರೆ, ಅವರ ಗೋಳು ಕೇಳಿ, ಸಮಾಧಾನ ಹೇಳಿ, ಸಾಮಾನು ಹುಡುಕಿಸಿ ಕೊಡುವುದು ಅವಳ ಕೆಲಸ. ಈಚೆಗೆ ಕಂಪನಿ ಆ ಕಚೇರಿಯನ್ನು ಮುಚ್ಚಿ, ಎಲ್ಲರ ಕೈಗೂ ಒಂದೊಂದು ಕಪ್ಪು ಫೋನ್ ಕೊಟ್ಟು ಮನೆಗೆ ಕಳಿಸಿತು. ಮನೆಯ ರೂಟರಿಗೆ ತಂತಿ ಚುಚ್ಚಿದರೆ ಸಾಕಂತೆ, ಫೋನು ತಾನೇ ವಿಪಿಎನ್ ಎಂಬ ಗುಟ್ಟಿನ ದಾರಿ ಮಾಡಿಕೊಂಡು ಕಚೇರಿಯನ್ನು ಸೇರಿಕೊಳ್ಳುತ್ತದಂತೆ. ಈ ವಾರದೊಳಗೆ ಯಾರ ಫೋನು ಸರಿಯಾಗುವುದಿಲ್ಲವೋ ಅವರು ದೂರದ ಡಿಪೋಗೆ ಹೋಗಬೇಕು, ಆಗದಿದ್ದರೆ ಕೆಲಸ ಬಿಡಬೇಕು ಎಂದು ಮೇಲಿನವರು ಬಾಯಿಮಾತಲ್ಲೇ ಹೇಳಿ ಮುಗಿಸಿದ್ದರು.

ಗುಬ್ಬಿಯ ಫೋನು ರಿಂಗೇನೋ ಆಯಿತು. ಎತ್ತಿದರೆ ಆ ಕಡೆಯವರ ಮಾತು ಪಕ್ಕದಲ್ಲೇ ಕೂತು ಆಡಿದಷ್ಟು ಸ್ಪಷ್ಟ. ಇವಳ ಮಾತು ಮಾತ್ರ ಅವರಿಗೆ ಮುಟ್ಟುವುದೇ ಇಲ್ಲ.

"ಹಲೋ? ಹಲೋ? ಎತ್ಕೊಂಡು ಸುಮ್ನೆ ಕೂತಿದಾರಲ್ಲ, ಬಾಯಿಗೇನು ಬೀಗ ಹಾಕಿದಾರಾ?" ಎಂದು ಒಬ್ಬ ಹೆಂಗಸು ರೇಗಿದಳು.

"ಕೇಳಿಸ್ತಿದೆಯಮ್ಮಾ, ಹೇಳಿ, ಕೇಳಿಸ್ತಿದೆ," ಎಂದು ಗುಬ್ಬಿ ಗಂಟಲು ಹರಿಯುವಂತೆ ಕೂಗಿದಳು. ಆ ಹೆಂಗಸು ಬೈದು ಇಟ್ಟುಬಿಟ್ಟಳು. ಬೆಳಗಿನಿಂದ ಸಂಜೆಯವರೆಗೆ ಇದೇ ಹಾಡು. ತಾನು ಆಡಿದ್ದು ಯಾರಿಗೂ ಕೇಳಿಸದೆ ದಿನವೆಲ್ಲ ಕಳೆಯುವುದು ಅವಳಿಗೆ ಹೊಸದೇನಲ್ಲ, ಆದರೆ ಇಷ್ಟು ದಿನ ಅದಕ್ಕೆ ಫೋನಿನ ಸಾಕ್ಷಿ ಇರಲಿಲ್ಲ.

ಮಾರನೆಯ ದಿನ ಕಂಪನಿಯ ಟೆಕ್ನಿಷಿಯನ್ ಅವಳ ಮೊಬೈಲಿಗೆ ಫೋನ್ ಮಾಡಿದ. ಸಾವಧಾನದ ಮನುಷ್ಯ. ರೂಟರಿನ ದೀಪದ ಬಣ್ಣ ಕೇಳಿದ, ಕಪ್ಪು ಫೋನಿನ ಪರದೆಯ ಮೇಲಿನ ಅಂಕಿಗಳನ್ನು ಓದಿಸಿದ, ಆಮೇಲೆ ಹ್ಞೂಂ ಎಂದ.

"ಮೇಡಂ, ನಿಮ್ಮ ಡಬ್ಬಿಗೆ ಇಂಟರ್‌ನೆಟ್ ನೇರ ಹೊರಗಿಂದ ಬರ್ತಿಲ್ಲ. ಇನ್ನೊಂದು ಡಬ್ಬಿಯಿಂದ ಬರ್ತಿದೆ. ಒಂದರ ಹಿಂದೆ ಒಂದು ರೂಟರ್ ಇದೆ. ಒಳಗೆ ಬರೋ ಮಾತಿಗೆ ಹೇಗೋ ದಾರಿ ಸಿಕ್ತಿದೆ, ನಿಮ್ಮ ಮಾತು ಹೊರಗೆ ಹೋಗೋವಾಗ ಎರಡು ಬಾಗಿಲ ನಡುವೆ ಸಿಕ್ಕಾಕ್ಕೊಳ್ತಿದೆ."

"ಸಾಧ್ಯವೇ ಇಲ್ಲ," ಎಂದಳು ಗುಬ್ಬಿ. "ಇದು ನಂದೇ ರೂಟರ್. ನಾನೇ ತಂದಿದ್ದು."

"ರೂಟರ್ ನಿಮ್ಮದೇ ಮೇಡಂ. ತಂತಿ ಯಾರದ್ದು?"

ಗುಬ್ಬಿ ಮೊಬೈಲು ಕಿವಿಗಿಟ್ಟುಕೊಂಡೇ ತಂತಿಯ ಬೆನ್ನು ಹಿಡಿದು ಹೋದಳು. ತಂತಿ ಮೇಜಿನ ಹಿಂದಿನಿಂದ ಕಿಟಕಿಯ ಮೂಲೆಯ ತೂತಿಗೆ ಹೋಗಿ, ನೀರಿನ ಪೈಪಿನ ಜೊತೆ ಇಳಿದು, ಅಕ್ಕನ ನಡುಮನೆಯ ಗೋಡೆಯೊಳಗೆ ನುಗ್ಗಿತ್ತು. ಅವಳ ಮುಖ ಸಣ್ಣಗಾಯಿತು.

ಜಗಳ ದೊಡ್ಡದೇನಲ್ಲ. ಭಾವ ತೀರಿಹೋದ ಮೇಲೆ, ಮೇಲಿನ ಕೋಣೆ ಖಾಲಿ ಇದೆ ಬಾ ಎಂದು ಕರೆದವಳು ಅಕ್ಕನೇ. ಒಂದು ದಿನ ಬಂದ ನೆಂಟರು "ಮೇಲಿನ ಕೋಣೆ ತೀರಾ ಚಿಕ್ಕದಲ್ವಾ?" ಎಂದು ಕೇಳಿದ್ದಕ್ಕೆ ಅಕ್ಕ, "ಅವಳಿಗೇನು, ಒಂಟಿ ಜೀವ, ಎಲ್ಲಿ ಹಾಕಿದ್ರೂ ನಡೆಯುತ್ತೆ," ಎಂದಿದ್ದಳು. ಗುಬ್ಬಿ ಖಾಲಿ ಲೋಟಗಳ ತಟ್ಟೆ ಹಿಡಿದು ಬಾಗಿಲ ಹಿಂದೆಯೇ ನಿಂತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಬೇರೆ ಒಲೆ, ಬೇರೆ ಬೀಗ, ಬೇರೆ ಪೇಪರು. ಕೊನೆಗೆ ಅಕ್ಕನ ಇಂಟರ್‌ನೆಟ್ಟಿನ ಹಂಗೂ ಬೇಡವೆಂದು ಬಿಳಿಯ ರೂಟರು ತಂದು, ಕಿಟಕಿಯ ಮೂಲೆಯಿಂದ ಬಂದ ತಂತಿಗೆ ಚುಚ್ಚಿಸಿ, ಇನ್ನು ತಾನು ಸ್ವತಂತ್ರಳೆಂದು ನೆಮ್ಮದಿಯಾಗಿ ಮಲಗಿದ್ದಳು. ಆ ತಂತಿ ಎಲ್ಲಿಂದ ಬರುತ್ತದೆ ಎಂದು ಕೇಳುವ ಬುದ್ಧಿ ಅವಳಿಗೆ ಬರಲಿಲ್ಲ. ಕೋಪ ಬಂದವರಿಗೆ ಅಷ್ಟೆಲ್ಲ ಎಲ್ಲಿ ಹೊಳೆಯುತ್ತದೆ! ಅಕ್ಕ ಮನಸ್ಸು ಮಾಡಿದ್ದರೆ ಯಾವ ದಿನ ಬೇಕಾದರೂ ಆ ತಂತಿ ಕಿತ್ತುಹಾಕಬಹುದಿತ್ತು. ಕಿತ್ತಿರಲಿಲ್ಲ.

ತಂತಿ ಮೆಟ್ಟಿಲ ಕೆಳಗೆ ಅಕ್ಕನ ಮನೆಗೆ ಹೋಗಿದೆ ಎಂದು ಅವಳು ಹೇಳಿದ ಮೇಲೆ, "ಹಾಗಾದ್ರೆ ಕೆಳಗಿನ ಡಬ್ಬಿಯಲ್ಲಿ ಒಂದೆರಡು ಬದಲಾವಣೆ ಮಾಡ್ಬೇಕು ಮೇಡಂ," ಎಂದ ಟೆಕ್ನಿಷಿಯನ್. "ಅವರಿಗೆ ನೀವೇ ಒಂದು ಮಾತು ಹೇಳಿಬಿಡಿ."

"ಅಕ್ಕನ ನಂಬರ್ ಕೊಡ್ತೀನಿ, ನೀವೇ ಹೇಳಿ."

"ಮೆಟ್ಟಿಲು ಇಳಿದ್ರೆ ಸಿಗ್ತಾರೆ ಅಂದ್ರಲ್ಲ?"

"ಸಿಗ್ತಾಳೆ. ನೀವೇ ಫೋನ್ ಮಾಡಿ."

ಅವನು ನಂಬರ್ ಬರೆದುಕೊಂಡ. ಸ್ವಲ್ಪ ಹೊತ್ತಿಗೆ ಕೆಳಗೆ ಅಕ್ಕನ ಮೊಬೈಲು ರಿಂಗಾದದ್ದು, ಕುರ್ಚಿ ಎಳೆದದ್ದು ನೆಲದ ಮೂಲಕ ಕೇಳಿಸಿತು. ಅಕ್ಕ ಒಲ್ಲೆನೆಂದರೆ ಡಿಪೋದ ದಾರಿಯೇ ಗತಿ ಎಂದು ಗುಬ್ಬಿ ಉಗುರು ಕಚ್ಚುತ್ತ ಕೂತಳು. ಬಹಳ ಹೊತ್ತಾದ ಮೇಲೆ ಕಪ್ಪು ಫೋನು ರಿಂಗಾಯಿತು. ಟೆಕ್ನಿಷಿಯನ್ ಒಂದು ಬದಲಾವಣೆ ಮಾಡಿಸಿ, ಅಕ್ಕನಿಗೆ ಆ ಫೋನಿನ ನಂಬರ್ ಕೊಟ್ಟು, "ತಂಗಿಗೆ ಡಯಲ್ ಮಾಡಿ ನೋಡಿ, ನಾನು ಆಮೇಲೆ ಮತ್ತೆ ಮಾಡ್ತೀನಿ" ಎಂದು ಹೇಳಿ ಇಟ್ಟಿದ್ದನೆಂದು ಕಾಣುತ್ತದೆ.

"ಹಲೋ," ಎಂದಳು ಅಕ್ಕ. "ನಾನು ಕಣೇ. ಕೇಳಿಸ್ತಿದೆಯಾ?"

"ಕೇಳಿಸ್ತಿದೆ," ಎಂದಳು ಗುಬ್ಬಿ.

"ಹಲೋ? ಗುಬ್ಬೀ?" ಅಕ್ಕ ಮೊಬೈಲನ್ನು ಎರಡು ಸಲ ತಟ್ಟಿದಳು. "ಏನೂ ಇಲ್ಲ. ಸತ್ತ ಲೈನು."

ಆದರೆ ಅಕ್ಕ ಫೋನ್ ಇಡಲಿಲ್ಲ. ಗುಬ್ಬಿಗೆ ಅವಳ ಉಸಿರು ಕೇಳುತ್ತಿತ್ತು, ಹಿಂದೆ ಗಡಿಯಾರದ ಸದ್ದು ಕೇಳುತ್ತಿತ್ತು.

"ಗೋಡೆಗೆ ಹೇಳ್ಕೊಂಡ ಹಾಗಾಯ್ತು, ಆಗ್ಲಿ," ಎಂದು ಅಕ್ಕ ತಗ್ಗಿದ ದನಿಯಲ್ಲಿ ಶುರುಮಾಡಿದಳು. "ಆವತ್ತು ನಾನು ಹಾಗನ್ನಬಾರದಿತ್ತು. ಒಂಟಿ ಜೀವ ಅಂದಿದ್ದು ನಿನ್ನನ್ನಲ್ಲ ಕಣೇ, ಅವರೆದುರು ನನ್ನ ಬಗ್ಗೆ ಅನ್ನೋಕೆ ನಾಚಿಕೆ ಆಗಿ ನಿನ್ನ ಮೇಲೆ ಹಾಕಿದೆ. ಬೆಳಿಗ್ಗೆ ನೀನು ಕುರ್ಚಿ ಎಳೀತೀಯಲ್ಲ, ಆ ಸದ್ದು ಕೇಳಿದ ಮೇಲೇ ನಾನು ಹಾಸಿಗೆಯಿಂದ ಏಳೋದು. ಹೋದ ತಿಂಗಳು ಒಂದು ದಿನ ಸದ್ದೇ ಇಲ್ಲ. ಮೆಟ್ಟಿಲ ತನಕ ಬಂದು ನಿಂತಿದ್ದೆ, ಗೊತ್ತಾ? ನಲ್ಲಿ ತಿರುಗಿಸಿದ್ದು ಕೇಳಿಸ್ತು, ವಾಪಸ್ ಹೋದೆ. ಇಬ್ರೂ ಒಬ್ಬೊಬ್ಬರೇ ಕೂತು ಉಣ್ತೀವಿ. ಯಾವ ಸಂಪತ್ತಿಗೆ ಇದೆಲ್ಲ?"

"ಅಕ್ಕ," ಎಂದಳು ಗುಬ್ಬಿ. "ಅಕ್ಕಾ, ನಾನು ಇಲ್ಲೇ ಇದ್ದೀನಿ." ಕಣ್ಣೀರು ಗಲ್ಲಕ್ಕಿಳಿದಿತ್ತು. ಓಡಿ ಇಳಿದುಬಿಡೋಣ ಎನಿಸಿತು, ಆದರೆ ಫೋನು ತಂತಿಗೆ ಕಟ್ಟಿಹಾಕಿದ್ದು, ಬಿಟ್ಟು ಹೋದರೆ ಉಳಿದ ಮಾತು ತಪ್ಪಿಹೋಗುತ್ತದೆ. ಎರಡು ವರ್ಷ ಉಪವಾಸವಿದ್ದವಳಿಗೆ ಒಂದು ತುತ್ತೂ ಬಿಡಲು ಮನಸ್ಸಾಗಲಿಲ್ಲ. ಅಕ್ಕ ಮೂಗು ಒರೆಸಿಕೊಂಡು ಫೋನ್ ಇಟ್ಟಳು.

ಗುಬ್ಬಿ ಮೆಟ್ಟಿಲ ತಲೆಗೆ ಬಂದು ನಿಂತಳು. ಒಂದು ಕಾಲು ಕೆಳಗಿಟ್ಟಳು. ಕೇಳಿಸುವುದಿಲ್ಲ ಎಂಬ ಧೈರ್ಯದ ಮೇಲೆ ಅಕ್ಕ ಅಷ್ಟು ಆಡಿದ್ದು. ಈಗ ಹೋಗಿ ಎಲ್ಲ ಕೇಳಿಸಿಕೊಂಡೆ ಎಂದರೆ, ಅವಳು ಮುಚ್ಚಿಟ್ಟದ್ದನ್ನು ಕದ್ದು ನೋಡಿದ ಹಾಗಾಗುತ್ತದೆ. ಅಕ್ಕನ ಮಾನ ದೊಡ್ಡದು, ಅದು ಗುಬ್ಬಿಗೆ ಹುಟ್ಟಿದಂದಿನಿಂದ ಗೊತ್ತು. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದಳು.

ಮಧ್ಯಾಹ್ನ ಟೆಕ್ನಿಷಿಯನ್ ಕೆಳಗಿನ ಡಬ್ಬಿಯನ್ನು ಇನ್ನೊಮ್ಮೆ ಸರಿಪಡಿಸಿದ. ಬಿಳಿಯ ರೂಟರಿಗೂ ಏನೋ ಹೇಳಿಕೊಟ್ಟ, ಇನ್ನು ಮೇಲೆ ಅದು ಬಾಗಿಲು ಕಾಯುವುದಿಲ್ಲವಂತೆ, ಬಂದದ್ದನ್ನು ಸುಮ್ಮನೆ ದಾಟಿಸುತ್ತದಂತೆ. ಮತ್ತೆ ಕಪ್ಪು ಫೋನು ರಿಂಗಾಯಿತು.

"ಕೇಳಿಸ್ತಿದೆಯಾ?" ಅಕ್ಕನ ದನಿ.

"ಕೇಳಿಸ್ತಿದೆ. ನಿನಗೆ?"

"ಹ್ಞೂಂ. ಕೇಳಿಸ್ತಿದೆ."

ಇಬ್ಬರೂ ಸುಮ್ಮನಾದರು. ಲೈನು ಎಷ್ಟು ಚೆನ್ನಾಗಿತ್ತೆಂದರೆ, ಸುಮ್ಮನಿದ್ದದ್ದೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಲ್ಲ," ಎಂದಳು ಅಕ್ಕ, "ಆ ಟೆಕ್ನಿಷಿಯನ್ ಈಗ ಹೇಳ್ದ, ನಮ್ಮ ಮಾತು ನಿನಗೆ ಮೊದಲಿಂದಲೂ ಕೇಳಿಸ್ತಿತ್ತಂತೆ, ನಿಂದು ಮಾತ್ರ ಬರ್ತಿರಲಿಲ್ಲವಂತೆ. ಹೌದಾ? ಬೆಳಿಗ್ಗೆ ನಾನು ಆಡಿದ್ದು ಕೇಳಿಸ್ತಾ?"

ಅಕ್ಕ ತಲೆ ತಗ್ಗಿಸುವಂತಾಗಬಾರದು, ಅಷ್ಟೇ ಗುಬ್ಬಿಗೆ ಹೊಳೆದದ್ದು.

"ಇಲ್ಲಕ್ಕ. ಬರೀ ಗೊರಗೊರ ಸದ್ದು. ಒಂದಕ್ಷರಾನೂ ಕೇಳಿಸಲಿಲ್ಲ."

ಆ ಕಡೆ ಗಡಿಯಾರ ಟಿಕ್ ಟಿಕ್ ಎಂದಿತು.

"ಹೌದಾ," ಎಂದಳು ಅಕ್ಕ.

ಆ ದನಿಯಲ್ಲಿ ನೆಮ್ಮದಿ ಇರಲಿಲ್ಲ. ಕೇಳಿಸಿತು ಎನ್ನಲಿ ಎಂದೇ ಅವಳು ಇಷ್ಟು ಹೊತ್ತು ಕಾದಿದ್ದಳು ಎಂದು ಗುಬ್ಬಿಗೆ ಅರ್ಥವಾಗುವಷ್ಟರಲ್ಲಿ, "ಸರಿ ಬಿಡು, ನಿನ್ನ ಕೆಲಸ ಉಳೀತಲ್ಲ," ಎಂದು ಅಕ್ಕ ಫೋನ್ ಇಟ್ಟಿದ್ದಳು.