ಮುನ್ನುಡಿಯ ಏಳನೆಯ ಸಾಲು

ಕಾಕಂಬಿಯ ವಾಸನೆ, ಗಾಳಿ ಸಕ್ಕರೆ ಕಾರ್ಖಾನೆಯ ಕಡೆಯಿಂದ ತಿರುಗಿರಬೇಕು, ವಾಚನಾಲಯದ ಕಿಟಕಿ ಮುಚ್ಚಲು ಎದ್ದ ಕೆಂಪಸಿದ್ದಯ್ಯ ಮುಚ್ಚದೆ ಹಾಗೇ ಕೂತ, ಮೇಜಿನ ಮೇಲೆ ಎರಡು ಪುಸ್ತಕ, ಎರಡಕ್ಕೂ ಒಂದೇ ಹೆಸರು, ಕುರಿಗಳಿಗೆ ನಾಟಿ ಮದ್ದು, ಒಂದು ಏಳು ವರ್ಷದ್ದು, ಬೆನ್ನು ಹರಿದದ್ದು, ಇನ್ನೊಂದು ಈ ಯುದ್ಧಕಾಲದ ಒರಟು ಕಾಗದದ್ದು, ಮುಖಪುಟದಲ್ಲಿ ಎರಡನೆಯ ಆವೃತ್ತಿ ಎಂದು ದಪ್ಪಕ್ಷರ — ಮುಖಪುಟಕ್ಕೇನು, ಏನು ಬೇಕಾದರೂ ಹೇಳುತ್ತದೆ, ವಾಚನಾಲಯದ ನಿಯಮದಂತೆ ಒಳಗಿನ ವಿಷಯ ಬದಲಾಗಿದ್ದರೆ ಹೊಸ ಆವೃತ್ತಿ, ಪಟ್ಟಿಗೆ ಹೊಸ ಕಾರ್ಡು, ಎರಡೂ ಕಪಾಟಿನಲ್ಲಿ ಉಳಿಯುತ್ತವೆ, ಇಲ್ಲವಾದರೆ ಬರೀ ಮರುಮುದ್ರಣ, ಹರಿದದ್ದು ಹೊರಗೆ, ಬೈಂಡರ್ ಗಫಾರ್ ಒಯ್ದು ಹಾಳೆಯ ಮೇಲೆ ಹಾಳೆ ಅಂಟಿಸಿ ರಟ್ಟು ಮಾಡುತ್ತಾನೆ, ಬೆಳಿಗ್ಗೆಯೇ ಬಂದು ಕೇಳಿದ, ಏನ್ ಸಾಮಿ, ಅಳೇದು ಕೊಡ್ತೀರೋ ಇಲ್ವೋ, ಸಂಜೆಗೆ ಬತ್ತೀನಿ. ಮೂರು ದಿನದಿಂದ ಸಾಲಿಗೆ ಸಾಲು ಹಿಡಿದು ನೋಡಿದ್ದಾನೆ, ಹೊಟ್ಟೆಯುಬ್ಬರದ ಕಷಾಯ ಅದೇ, ಒಂದು ಚಿಟಿಕೆ ಇಂಗು ಹೆಚ್ಚಿಲ್ಲ, ಹೆಚ್ಚಿರಬಾರದಿತ್ತೇ — ಹೋದದ್ದು ಮುನ್ನುಡಿಯೊಂದೇ, ಕಾಗದ ಸಿಗುವುದಿಲ್ಲವಂತೆ, ಅದರ ಏಳನೆಯ ಸಾಲಿನಲ್ಲಿ ಅವಳಿದ್ದಳು, ಇವು ಬಂಡೂರಿನ ಚಿಕ್ಕಬೋರಮ್ಮನವರು ಹೇಳಿಕೊಟ್ಟ ಮದ್ದುಗಳು, ಕೆಂಪಸಿದ್ದಯ್ಯನ ಹೆಂಡತಿ, ಓದು ಬಾರದವಳು, ಮಧ್ಯಾಹ್ನ ಬುತ್ತಿ ತಂದವಳು ಕೈಯನ್ನು ಸೆರಗಿಗೆ ಒರೆಸಿ, ನನ್ನೆಸ್ರು ಎಲ್ಲದೆ ತೋರ್ಸಿ, ಅವಳ ಬೆರಳು ಹಿಡಿದು ಇಟ್ಟದ್ದು ಒಂದೇ ಸಲ, ಆಮೇಲೆ ತಾನೇ ಏಳು ಸಾಲು ಎಣಿಸಿ ಮುಟ್ಟುತ್ತಿದ್ದಳು, ಮಸಿ ಅಲ್ಲಿ ಮಾಸಿದೆ, ಸಾಕು ಬುಡಮ್ಮಿ, ಸವೆದೋಯ್ತದೆ ಎಂದರೆ, ಸವೀಲಿ ಬುಡಿ. ಅವಳು ತೀರಿಹೋಗಿ ಎರಡು ವರ್ಷ, ಒಂದು ಫೋಟೋ ಕೂಡ ತೆಗೆಸಲಿಲ್ಲ. ಹಳೆಯದನ್ನು ಮನೆಗೆ ಒಯ್ಯಬಹುದು, ಗಫಾರ್ ಬೇಡವೆನ್ನುವವನಲ್ಲ, ಆದರೆ ಮನೆಯಲ್ಲಿ ತೆರೆಯುವವರು ಯಾರು, ಇವನೊಬ್ಬನೇ, ಇಲ್ಲಿದ್ದರೆ ಯಾರೋ ಕುರಿ ಸಾಕುವವನು ಬಂದು ಆ ಹೆಸರನ್ನು ದಾಟಿಕೊಂಡೇ ಮದ್ದಿಗೆ ಹೋಗುತ್ತಿದ್ದ. ಹೊಸ ಆವೃತ್ತಿ ಎಂದು ಬರೆದುಬಿಟ್ಟರೆ ಕೇಳುವವರಿಲ್ಲ — ಹೋದ ತಿಂಗಳು ಶಾಲೆಯ ಮೇಷ್ಟರು ಇನ್ನೊಂದು ಹರಿದ ಪುಸ್ತಕಕ್ಕಾಗಿ ಬಂದಿದ್ದರು, ಮುನ್ನುಡಿಯಲ್ಲಿ ನಮ್ಮ ಗುರುಗಳ ಹೆಸರಿದೆ, ಹಳೆಯದನ್ನು ಉಳಿಸಿ ಸ್ವಾಮಿ, ಮುನ್ನುಡಿ ಪುಸ್ತಕವಲ್ಲ ಮೇಷ್ಟ್ರೇ ಎಂದು ಅಂದವನು ಇವನೇ, ಎಷ್ಟು ಸಲೀಸಾಗಿ ಅಂದಿದ್ದ, ಅವರು ಛತ್ರಿ ತೆಗೆದುಕೊಂಡು ಹೋದರು.

ಲೇಖನಿ ಅದ್ದಿ ಹಳೆಯ ಕಾರ್ಡಿನ ಕೆಳಗೆ ಬರೆದ, ಮರುಮುದ್ರಣ, ಎರಡನೆಯ ಪ್ರತಿ, ಒಣಗಲೆಂದು ಊದಿದ, ಹೊಸದನ್ನು ಮೊದಲ ಪುಟಕ್ಕೆ ತೆರೆದ, ಹೊಟ್ಟೆಯುಬ್ಬರದಿಂದಲೇ ಶುರು, ಸೆರಗಿಗೆ ಒರೆಸಿಯೂ ಒದ್ದೆಯಿದ್ದ ಬೆರಳು ಮೇಲಿನಿಂದ ಇಳಿಯುತ್ತಿದೆ, ಐದು, ಆರು, ಏಳು, ಇಂಗು ಮಜ್ಜಿಗೆಯಲ್ಲಿ ಕದಡಿ ಕುಡಿಸುವುದು ಎಂಬ ಸಾಲಿನ ಮೇಲೆ ನಿಂತಿದೆ, ಇದೇ ಅಲ್ವಾ, ಇದೇ ಅಲ್ವಾ ನನ್ನೆಸ್ರು.